‘ತಾವು ಯಾರು? ಬಂದ ಕಾರಣವೇನು?’: ದಾವಣಗೆರೆಯ ಒಂದು ಆಟದ ಗುಂಪಿನ ಪ್ರಕರಣ

ಇದು ಒಂದೇ ಒಂದು ಗುಂಪಿನ ಕಥೆ. ದಾವಣಗೆರೆಯ ಒಂದು ಮನೆಯ ಮಹಡಿ ರೂಮಿನಲ್ಲಿ ಭಾನುವಾರ ಮಧ್ಯಾಹ್ನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಸೇರುವ ಐದು ಜನ ಆಟಗಾರರು, ಆಟ ನಡೆಸುವ ನಾನು. ಎಂಟು ವಾರ ನಮ್ಮ ಮೇಜಿನ ಮೇಲೆ ದಾಳ ಉರುಳಿದವು, ಕೂಡಿ ಕಳೆದದ್ದಾಯಿತು, ರಾಕ್ಷಸರು ಸತ್ತರು. ಆದರೆ ಪಾತ್ರವಾಗಿ ಯಾರೂ ಒಂದು ಮಾತೂ ಆಡಲಿಲ್ಲ. ಅದು ಹೇಗೆ ಬದಲಾಯಿತು, ನಡುವೆ ನಾನು ಎಲ್ಲೆಲ್ಲಿ ತಪ್ಪಿದೆ ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಗುಂಪು ಕಟ್ಟುವವರು ಇದೇ ಗುಂಡಿಗೆ ಬೀಳುವುದು ಬೇಡ ಅನ್ನೋದು ನನ್ನ ಆಸೆ. ಯಾರ ಹೆಸರೂ ಹಾಕಿಲ್ಲ. ಕೆಲಸ, ವಯಸ್ಸನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಐದೂ ಜನಕ್ಕೆ ಓದಿಸಿ, ಅವರು ಒಪ್ಪಿದ ಮೇಲೆಯೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ.

ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಿಎಂ, ಅಂದರೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ಉಳಿದವರಿಗೆ ತಲಾ ಒಂದು ಪಾತ್ರ. ತನ್ನ ಪಾತ್ರ ಏನು ಮಾಡುತ್ತದೆ ಅಂತ ಆಟಗಾರ ಹೇಳುತ್ತಾನೆ. ಅದು ಆಗುತ್ತೋ ಇಲ್ವೋ ಅನ್ನೋ ಅನುಮಾನ ಇದ್ದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಅಂಕಿಗೆ ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಅಂಕಿ ಕೂಡಿಸಿ, ಡಿಎಂ ಇಟ್ಟ ಗುರಿ ಮುಟ್ಟಿದರೆ ಕೆಲಸ ಆದಂತೆ. ಸುಲಭದ ಕೆಲಸಕ್ಕೆ ಗುರಿ 10, ಮಧ್ಯಮಕ್ಕೆ 15, ಕಷ್ಟದ್ದಕ್ಕೆ 20. ನಾವು ಆಡುತ್ತಿದ್ದದ್ದು 2014ರ ಐದನೇ ಆವೃತ್ತಿ.

ಇನ್ನು ಆಟಗಾರರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ನಿಯಮಗಳೆಲ್ಲ ಬಾಯಿಪಾಠ. ಹೈಸ್ಕೂಲ್ ಮೇಡಂ ಒಬ್ಬರು. ಮೆಡಿಕಲ್ ಶಾಪ್ ನಡೆಸುವ ಒಬ್ಬರು, ಅಂಗಡಿ ಬಾಗಿಲು ಹಾಕಿ ಬರುವಷ್ಟರಲ್ಲಿ ಯಾವಾಗಲೂ ಅರ್ಧ ಗಂಟೆ ಲೇಟು. ಇಂಜಿನಿಯರಿಂಗ್ ಓದುವ ಇಬ್ಬರು ಹುಡುಗರು, ಅದರಲ್ಲಿ ಒಬ್ಬ ಕಾಲೇಜು ನಾಟಕದಲ್ಲಿ ಹೆಸರು ಮಾಡಿದವನು. ನಡುವೆ ಒಂದು ದೊಡ್ಡ ತಟ್ಟೆಯಲ್ಲಿ ಮಂಡಕ್ಕಿ, ಪಕ್ಕದಲ್ಲಿ ಮಿರ್ಚಿ. ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟುಗಳ ಮೇಲೆಲ್ಲ ಎಣ್ಣೆ ಕಲೆ.

ತೊಂದರೆ ಏನಿತ್ತು ಅಂತ ಹೇಳಲು ಒಂದು ದೃಶ್ಯ ಸಾಕು. ಊರ ಬಾಗಿಲಲ್ಲಿ ಕಾವಲುಗಾರ ತಡೆಯುತ್ತಾನೆ. ನಾನು ಅವನ ದನಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದೆ. ಅವನನ್ನು ಒಪ್ಪಿಸಲು ಬ್ಯಾಂಕಿನವರು ದಾಳ ಎತ್ತಿಕೊಂಡರು. “ಪರ್ಸುವೇಷನ್ ರೋಲ್ ಮಾಡ್ತೀನಿ. ಹದಿನೇಳು ಬಿತ್ತು. ಪಾಸಾಯ್ತೇನ್ರಿ?” ಪಾಸಾಯಿತು ಅಂದೆ. ಎಲ್ಲರೂ ಒಳಗೆ ಹೋದರು. ಅವನಿಗೆ ಏನು ಹೇಳಿದರು, ಯಾಕೆ ಬಿಟ್ಟ, ಯಾರಿಗೂ ಬೇಕಿರಲಿಲ್ಲ. ಇನ್ನೊಂದು ವಾರ, ಮಗ ಕಾಣೆಯಾದ ತಾಯಿಯೊಬ್ಬಳ ದೃಶ್ಯವನ್ನು ನಾಲ್ಕು ರಾತ್ರಿ ಕೂತು ಸಿದ್ಧ ಮಾಡಿಕೊಂಡಿದ್ದೆ. ಆಕೆ ಅತ್ತು ಕೇಳಿದಾಗ ಬಂದ ಮೊದಲ ಪ್ರಶ್ನೆ, ಬಹುಮಾನ ಎಷ್ಟು ಅಂತ. ಹೊಡೆದಾಟ ಬಂದರೆ ಎಲ್ಲರೂ ಮೇಜಿನ ಮೇಲೆ ಬಾಗುತ್ತಿದ್ದರು. ಮನುಷ್ಯರು ಮಾತಾಡುವ ದೃಶ್ಯ ಬಂದರೆ ಕೈಗಳೆಲ್ಲ ಮಂಡಕ್ಕಿ ತಟ್ಟೆಗೆ ಹೋಗುತ್ತಿದ್ದವು. ಆ ತಟ್ಟೆ ನೋಡಿದರೆ ಸಾಕು, ದೃಶ್ಯ ಹೇಗೆ ನಡೀತಿದೆ ಅಂತ ನನಗೆ ಗೊತ್ತಾಗುತ್ತಿತ್ತು.

ಇದು ನನ್ನೊಬ್ಬನ ತೊಂದರೆಯಾ ಅಂತ ಮೊದಲು ಕೇಳಿಕೊಳ್ಳಬೇಕಿತ್ತು. ಈ ಒಂದು ಹೆಜ್ಜೆ ಮಾತ್ರ ನಾನು ಸರಿಯಾಗಿ ಇಟ್ಟೆ ಅನ್ನಿಸುತ್ತದೆ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿದೆ. ಬ್ಯಾಂಕಿನವರು, “ನನಗೆ ಹೀಗೇ ಖುಷಿ ಐತ್ರೀ” ಅಂದರು. ಅದೂ ನ್ಯಾಯವೇ. ಆದರೆ ಉಳಿದ ನಾಲ್ವರೂ ಪಾತ್ರವಾಗಿ ಆಡುವ ಆಸೆ ಇದೆ, ನಾಚಿಕೆ ಆಗುತ್ತೆ ಅಂದರು. ಆಸೆ ಇಲ್ಲದವರನ್ನು ನಾಟಕಕ್ಕೆ ಎಳೆಯುವುದು ಬೇರೆ, ಆಸೆ ಇದ್ದೂ ಬಾಯಿ ಬಾರದವರಿಗೆ ದಾರಿ ಮಾಡಿಕೊಡುವುದು ಬೇರೆ. ಅಲ್ವಾ? ಹಾಗಾಗಿ ಮುಂದುವರಿದೆ.

ಮೊದಲ ಪ್ರಯತ್ನ ಎರಡು ಪುಟದ ಫಾರಂ. ಪಾತ್ರದ ಬಾಲ್ಯ, ತಂದೆ ತಾಯಿ, ಆದರ್ಶ, ಕೊರತೆ. ಒಬ್ಬ ಹುಡುಗ ಮಾತ್ರ ತುಂಬಿ ತಂದ. ಮುಂದೆ ಅದನ್ನು ಅವನೂ ತೆಗೆದು ನೋಡಲಿಲ್ಲ, ನಾನೂ ನೋಡಲಿಲ್ಲ. ಮುಗಿಯಿತು.

ಎರಡನೆಯದು ಬಹುಮಾನ. ಈ ಆವೃತ್ತಿಯಲ್ಲಿ ಇನ್ಸ್ಪಿರೇಷನ್ ಅಂತ ಒಂದು ನಿಯಮ ಇದೆ. ಪಾತ್ರಕ್ಕೆ ತಕ್ಕಂತೆ ಆಡಿದವರಿಗೆ ಡಿಎಂ ಅದನ್ನು ಕೊಡಬಹುದು. ಇದ್ದರೆ ಒಂದು ಸಲ ಎರಡು ದಾಳ ಉರುಳಿಸಿ ಜಾಸ್ತಿ ಬಿದ್ದದ್ದನ್ನು ಇಟ್ಟುಕೊಳ್ಳಬಹುದು. ಪುಸ್ತಕದ ಪ್ರಕಾರ ಒಬ್ಬರ ಹತ್ತಿರ ಒಂದೇ ಇರಬೇಕು, ಕೂಡಿಡುವಂತಿಲ್ಲ. ನಾನು ಅದನ್ನು ಸಡಿಲ ಮಾಡಿ, ಹುಣಸೆ ಬೀಜಗಳನ್ನು ಒಂದು ಬಟ್ಟಲಲ್ಲಿ ಇಟ್ಟು, ಚೆನ್ನಾಗಿ ಮಾತಾಡಿದವರಿಗೆಲ್ಲ ಒಂದೊಂದು ಬೀಜ ಅಂದೆ. ಮೂರು ವಾರ ನಡೆಯಿತು. ಬೀಜಗಳೆಲ್ಲ ನಾಟಕದ ಹುಡುಗನ ಮುಂದೆ ರಾಶಿ ಬಿದ್ದವು. ಅವನ ತಪ್ಪೇನೂ ಇಲ್ಲ, ಅವನಿಗೆ ಬರುವುದನ್ನು ಅವನು ಮಾಡಿದ. ಆದರೆ ಅವನ ದನಿ ಏರಿದಷ್ಟೂ ಉಳಿದವರು ಕುರ್ಚಿಯಲ್ಲಿ ಹಿಂದೆ ಸರಿದರು. ಅವನು ನಟ, ಇವರು ಪ್ರೇಕ್ಷಕರು ಅಂತ ಆಗಿಹೋಯಿತು. ಬ್ಯಾಂಕಿನವರು ಹೊಡೆದಾಟಕ್ಕೆ ಮುಂಚೆ ಎರಡು ಸಾಲು ಡೈಲಾಗ್ ಹೊಡೆದು ಬೀಜ ತೆಗೆದುಕೊಂಡು ಸುಮ್ಮನಾಗುತ್ತಿದ್ದರು. ನಾನು ಬೆಲೆ ಕಟ್ಟಿದ್ದು ಗಂಟಲಿಗೆ, ಪಾತ್ರಕ್ಕಲ್ಲ.

ಇಲ್ಲಿ ನನ್ನ ಒಂದು ನಂಬಿಕೆಯ ಬಗ್ಗೆ ಹೇಳಬೇಕು. ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿ ಇಲ್ಲಿಯದು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಿಂದ ಶಿವಸಂಚಾರ ತಂಡ ಊರೂರಿಗೆ ನಾಟಕ ಒಯ್ಯುತ್ತದೆ. ಇಂಥ ಕಡೆ ಬೆಳೆದವರಿಗೆ ಪಾತ್ರ ಕಟ್ಟುವುದನ್ನು ಹೇಳಿಕೊಡಬೇಕಾ ಅಂದುಕೊಂಡಿದ್ದೆ. ಆದರೆ ರಂಗದ ಮೇಲೆ ಬೆಳಕು ನಟನ ಮೇಲಿರುತ್ತದೆ, ನೋಡುವವರು ಕತ್ತಲಲ್ಲಿ ಇರುತ್ತಾರೆ, ಮಾತು ಮೊದಲೇ ಬರೆದಿರುತ್ತದೆ. ನಮ್ಮ ಮೇಜಿನಲ್ಲಿ ಟ್ಯೂಬ್‌ಲೈಟ್ ಎಲ್ಲರ ಮೇಲೂ ಒಂದೇ ಸಮ. ನೋಡುವವರು ಒಂದು ಮೊಳ ದೂರದಲ್ಲಿ. ಮಾತು ಆಗಲೇ ಹುಟ್ಟಬೇಕು. ಇದು ನಾಟಕಕ್ಕಿಂತ ಕಷ್ಟ ಅಂತ ಆಗ ನನಗೆ ಹೊಳೆದಿರಲಿಲ್ಲ.

ಮೂರನೆಯ ಪ್ರಯತ್ನ ಎಲ್ಲಕ್ಕಿಂತ ಕೆಟ್ಟದ್ದು. ಪಾತ್ರವಾಗಿಯೇ ಮಾತಾಡಬೇಕು ಅಂತ ಪಟ್ಟು ಹಿಡಿದೆ. ಆ ಭಾನುವಾರ ಮೇಡಂ ಅವರ ಪಾತ್ರ ರಾಜನ ಮುಂದೆ ನಿಂತಿತ್ತು. “ಅವಳು ರಾಜನನ್ನ ಒಪ್ಪಿಸೋಕೆ ನೋಡ್ತಾಳೆ” ಅಂದರು. “ಹಾಗಲ್ಲ ಮೇಡಂ, ಅವಳಾಗಿಯೇ ಹೇಳಿ” ಅಂದೆ. ಅವರು ಸುಮ್ಮನಾದರು. ನಾನು ಕಾದೆ. ನಾಲ್ಕು ಜನ ಅವರ ಮುಖ ನೋಡುತ್ತಿದ್ದರು. ಸಹಾಯ ಆಗಲಿ ಅಂತ ನಾಟಕದ ಹುಡುಗ ಒಂದು ಸಾಲು ಪಿಸುಗುಟ್ಟಿದ, ಅದು ಇನ್ನೂ ಕೆಟ್ಟದಾಯಿತು. ಕೊನೆಗೆ, “ಇವತ್ತಿಗೆ ಸಾಕು, ತಲೆ ನೋಯ್ತಿದೆ” ಅಂತ ಎದ್ದರು. ಮುಂದಿನ ಎರಡು ಭಾನುವಾರ ಬರಲಿಲ್ಲ.

ಫೋನ್ ಮಾಡಲು ನನಗೆ ಹತ್ತು ದಿನ ಬೇಕಾಯಿತು. ಮೊದಲು ಕ್ಷಮೆ ಕೇಳಿದೆ. ಅವರಿಗೆ ಸಿಟ್ಟಿರಲಿಲ್ಲ. ಅವರು ಹೇಳಿದ್ದನ್ನು ಆಮೇಲೆ ಬರೆದಿಟ್ಟುಕೊಂಡೆ. “ನೋಡಿ ಸರ್, ವಾರವೆಲ್ಲ ಅರವತ್ತು ಮಕ್ಕಳ ಮುಂದೆ ನಿಂತು ಮಾತಾಡ್ತೀನಿ. ಭಾನುವಾರನೂ ಎಲ್ಲರೂ ನನ್ನ ಬಾಯಿ ನೋಡ್ತಾ ಕೂತ್ರೆ ಹೇಗೆ? ಅದೂ ಇಂಗ್ಲಿಷಿನಲ್ಲಿ. ಅವಳು ಏನು ಮಾಡ್ತಾಳೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಮಾತಾಡ್ತಾಳೆ ಅಂತ ಮಾತ್ರ ಗೊತ್ತಿರಲಿಲ್ಲ. ನೀವು ಗೊತ್ತಿಲ್ಲದ್ದನ್ನೇ ಕೇಳಿದ್ರಿ.”

ಫೋನ್ ಇಟ್ಟು ಆಟದ ಪುಸ್ತಕ ತೆಗೆದೆ. ಆಟಗಾರರ ಕೈಪಿಡಿಯಲ್ಲೇ ಪಾತ್ರವಾಗಿ ಆಡಲು ಎರಡು ದಾರಿ ಬರೆದಿದ್ದಾರೆ. ಒಂದು ವಿವರಿಸುವ ದಾರಿ. ಪಾತ್ರ ಏನು ಮಾಡಿತು, ಹೇಗೆ ಮಾಡಿತು ಅಂತ ಹೊರಗಿನಿಂದ ಹೇಳುವುದು. ಇನ್ನೊಂದು ಪಾತ್ರವೇ ಆಗಿ, ಅದರ ದನಿಯಲ್ಲಿ ಮಾತಾಡುವುದು. ಎರಡೂ ಸರಿ ಅಂತಲೇ ಅಲ್ಲಿದೆ. ಎಷ್ಟೋ ಸಲ ಓದಿದ ಪುಟ ಅದು. ಎರಡನೆಯದಷ್ಟೇ ನಿಜವಾದದ್ದು ಅಂತ ನಾನಾಗಿಯೇ ತೀರ್ಮಾನ ಮಾಡಿಕೊಂಡಿದ್ದೆ. “ಅವಳು ಒಪ್ಪಿಸೋಕೆ ನೋಡ್ತಾಳೆ” ಅಂತ ಮೇಡಂ ಹೇಳಿದಾಗ ಅವರು ಆಗಲೇ ಪಾತ್ರದೊಳಗೆ ಒಂದು ಕಾಲು ಇಟ್ಟಿದ್ದರು. “ಏನು ಹೇಳಿ ಒಪ್ಪಿಸ್ತಾಳೆ? ಕಾಲಿಗೆ ಬೀಳ್ತಾಳಾ, ಹೆದರಿಸ್ತಾಳಾ?” ಅಂತ ನಾನು ಕೇಳಿದ್ದರೆ ಇನ್ನೊಂದು ಕಾಲೂ ಬರುತ್ತಿತ್ತು. ಗುಂಪಿನ ದಿಕ್ಕು ತಪ್ಪಿದ್ದು ಆ ಒಂದು ಗಳಿಗೆಯಲ್ಲಿ. ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಮೇಡಂ ಬರದ ಎರಡನೇ ಭಾನುವಾರ ಆಟ ನಡೆಸಲು ಯಾರಿಗೂ ಮನಸ್ಸಿರಲಿಲ್ಲ. ಸುಮ್ನೆ ಕೂತು ಮಾತಾಡುತ್ತಿದ್ದೆವು. ಆಗ ಮೆಡಿಕಲ್ ಶಾಪಿನವರು, ಅಲ್ಲಿಯವರೆಗೆ ನಮ್ಮ ಮೇಜಿನಲ್ಲಿ ಹತ್ತು ವಾಕ್ಯ ಜಾಸ್ತಿ ಆಡದವರು, ಚಳ್ಳಕೆರೆ ಕಡೆಯ ತಮ್ಮ ಅಜ್ಜನ ಊರಿನ ಬಯಲಾಟದ ಸುದ್ದಿ ತೆಗೆದರು. “ಅಲ್ಲಿ ವೇಷ ಬಂದ ತಕ್ಷಣ ತಾನಾಗೇ ಮಾತಾಡೋದಿಲ್ಲ. ಸಾರಥಿ ಕೇಳ್ತಾನೆ. ತಾವು ಯಾರು, ತಮ್ಮ ನಾಮಾಂಕಿತವೇನು, ಯಾವ ರಾಜ್ಯ, ಈ ಸಭೆಗೆ ಬಂದ ಕಾರಣವೇನು ಅಂತ. ಅದಕ್ಕೆ ಉತ್ತರ ಕೊಡ್ತಾ ಕೊಡ್ತಾ ವೇಷಕ್ಕೆ ಜೀವ ಬರುತ್ತೆ.” ಅಷ್ಟು ಹೇಳಿ ಎದ್ದು ನಿಂತು ತೋರಿಸಿದರು. ಮೊದಲು ಸಾರಥಿ, ಆಮೇಲೆ ಕುರ್ಚಿ ಸುತ್ತ ಒಂದು ಸುತ್ತು ಹಾಕಿ ರಾಜ. “ಎಲೈ ಸಾರಥೀ” ಅಂದಾಗ ಆ ರೂಮೇ ಬೇರೆಯಾಯಿತು. ಆಮೇಲೆ ಕೂತು, “ನಮ್ಮ ಅಜ್ಜನೂ ನಾಚಿಕೆ ಮನುಷ್ಯನೇ. ಸಾರಥಿ ಕೇಳಿದ್ರೆ ಮಾತ್ರ ಮಾತು ಬರ್ತಿತ್ತು” ಅಂದರು.

ನನಗೆ ಸಿಕ್ಕಿದ್ದು ಇದೇ. ನಟಿಸು ಅಂತ ಆಟಗಾರನಿಗೆ ಹೇಳುವುದಲ್ಲ, ಪಾತ್ರಕ್ಕೆ ಪ್ರಶ್ನೆ ಕೇಳುವುದು. ಡಿಎಂ ಸಾರಥಿ ಆಗಬೇಕು. ನಾನು ಇಷ್ಟು ದಿನ ಪರೀಕ್ಷೆಯ ಮೇಷ್ಟ್ರ ಹಾಗೆ ಕೂತಿದ್ದೆ.

ಅಂದೇ ಎರಡು ತೀರ್ಮಾನ ಮಾಡಿದೆವು. ಹಳೆಯ ಕಥೆ ಬಿಟ್ಟು ಹೊಸದು ಶುರು ಮಾಡುವುದು. ನಿಯಮದ ಮಾತುಗಳು, ಅಂದರೆ ಹಿಟ್ ಪಾಯಿಂಟ್, ಸೇವಿಂಗ್ ಥ್ರೋ ಇವೆಲ್ಲ ಇಂಗ್ಲಿಷಿನಲ್ಲೇ ಇರಲಿ, ಪಾತ್ರಗಳ ಮಾತು ಕನ್ನಡದಲ್ಲಿ ಇರಲಿ. ಕಥೆಯ ಜಾಗ ಏಳು ಸುತ್ತಿನ ಒಂದು ಕೋಟೆ, ಪಾಳೆಯಗಾರರ ಕಾಲದಂಥ ಕಾಲ. ಯಾವ ಕೋಟೆ ನೋಡಿ ಹೊಳೆದದ್ದು ಅಂತ ಹೇಳಬೇಕಿಲ್ಲ. ಮೇಡಂಗೆ ಫೋನ್ ಮಾಡಿ ಮುಂದಿನ ಭಾನುವಾರ ಎಲ್ಲರೂ ಚಿತ್ರದುರ್ಗಕ್ಕೆ ಹೋಗೋಣ, ಆಟ ಬೇಡ, ಸುಮ್ನೆ ನೋಡಿ ಬರೋಣ ಅಂದೆ. ಬಂದರು. ಹೆದ್ದಾರಿಯಲ್ಲಿ ಒಂದು ಗಂಟೆ ದಾರಿ.

ಕೋಟೆಯ ಬಾಗಿಲುಗಳು ಒಂದರ ಹಿಂದೆ ಒಂದು ನೇರಕ್ಕಿಲ್ಲ. ಒಂದು ದಾಟಿ ತಿರುಗಿದರೆ ಇನ್ನೊಂದು. ನುಗ್ಗಿ ಬಂದವರ ಓಟ ಮುರಿಯಲಿ ಅಂತ ಹಾಗೆ ಕಟ್ಟಿದ್ದಾರೆ. ನನಗೆ ಅದೇ ಕಥೆಯ ನಕ್ಷೆ ಆಯಿತು. ಒಂದೊಂದು ಸುತ್ತಿಗೂ ಒಬ್ಬ ಕಾವಲುಗಾರ, ಒಂದೊಂದು ಪ್ರಶ್ನೆ. ಮದ್ದು ಬೀಸುವ ಕಲ್ಲುಗಳ ಹತ್ತಿರ ಬ್ಯಾಂಕಿನವರು ತುಂಬ ಹೊತ್ತು ನಿಂತರು. ಓಬವ್ವನ ಕಿಂಡಿಯಲ್ಲಿ ಮೇಡಂ ಬಗ್ಗಿ ಒಳಗೆ ಹೋಗಿ ಬಂದರು. ಒಬ್ಬರು ಮಾತ್ರ ನುಸುಳುವಷ್ಟು ಸಂದು ಅದು. ಹೈದರಾಲಿಯ ಸೈನಿಕರು ಹಾಗೆ ನುಸುಳಿದ್ದು, ಕಾವಲಿನ ಗಂಡ ಊಟಕ್ಕೆ ಕೂತಿದ್ದು, ಓಬವ್ವ ಒನಕೆ ಹಿಡಿದು ನಿಂತದ್ದು ಇಲ್ಲಿ ಎಲ್ಲರಿಗೂ ಗೊತ್ತು. ಕೆಳಗೆ ಇಳಿಯುವಾಗ ಮೇಡಂ ನನಗೆ ಒಂದು ಮಾತು ಹೇಳಿದರು. “ಓಬವ್ವ ಆಗ ಏನು ಮಾತಾಡಿದಳು ಅಂತ ನಮ್ಮ ಮಕ್ಕಳಿಗೆ ಕೇಳಿ, ಯಾರಿಗೂ ಗೊತ್ತಿಲ್ಲ. ಏನು ಮಾಡಿದಳು ಅಂತ ಒಂದನೇ ಕ್ಲಾಸಿನ ಮಗೂಗೂ ಗೊತ್ತು.” ವಿವರಿಸುವ ದಾರಿಯ ಬಗ್ಗೆ ನಾನು ಅವರಿಗೆ ಹೇಳಬೇಕು ಅಂತಿದ್ದದ್ದನ್ನ ಅವರೇ ನನಗೆ ಹೇಳಿದರು.

ಹೊಸ ಆಟದ ಮೊದಲ ದಿನ ಫಾರಂ ಇರಲಿಲ್ಲ. ನಾನು ಎದ್ದು ನಿಂತು, ಒಬ್ಬೊಬ್ಬರ ಕಡೆ ತಿರುಗಿ, ಸಾರಥಿಯ ಹಾಗೆ ಕೇಳಿದೆ. ತಾವು ಯಾರು? ಯಾವ ಊರು? ಈ ಕೋಟೆಗೆ ಬಂದ ಕಾರಣವೇನು? ನಾಲ್ಕನೆಯ ಪ್ರಶ್ನೆ ನಾನು ಸೇರಿಸಿದ್ದು: ಕೋಟೆಯಲ್ಲಿ ಯಾರ ಕಣ್ಣಿಗೆ ಬೀಳಬಾರದು ಅಂತಿದ್ದೀರಿ? ಉತ್ತರ ‘ನಾನು’ ಅಂತ ಬಂದರೂ ಸರಿ, ‘ಅವಳು’ ಅಂತ ಬಂದರೂ ಸರಿ. ಬ್ಯಾಂಕಿನವರು ಓಬಳನಾಯಕ, ಪದವಿ ಕಳೆದುಕೊಂಡ ದಳಪತಿ. ಮೇಡಂ ತಿಪ್ಪಕ್ಕ, ಕಣಜದ ಬೀಗದ ಕೈ ಹೊತ್ತು ಓಡಿಬಂದವಳು. ನಾಟಕದ ಹುಡುಗ ಪಾಲಯ್ಯ, ಊರೂರು ಹಾಡುವವನು. ನಾಲ್ಕನೇ ಪ್ರಶ್ನೆಗೆ ಬಂದ ಉತ್ತರಗಳೇ ಮುಂದೆ ಆರು ವಾರದ ಕಥೆಯಾದವು. ಎರಡು ಪುಟದ ಫಾರಂ ಮಾಡದ ಕೆಲಸವನ್ನು ಆ ಒಂದು ಪ್ರಶ್ನೆ ಮಾಡಿತು, ಯಾಕೆಂದರೆ ಅದರಲ್ಲಿ ಹೆದರಿಕೆ ಇತ್ತು.

ಆಮೇಲೆ ಮೊದಲ ಬಾಗಿಲು. ಹಿಂದಿನ ಕಥೆಯಲ್ಲಿ ಹದಿನೇಳು ಬಿದ್ದು ದಾಟಿದಂಥದ್ದೇ ಬಾಗಿಲು. ಕಾವಲುಗಾರ ಓಬಳನಾಯಕನನ್ನು ನೋಡಿ, “ಯಾರೋ ನೀನು? ಎಲ್ಲಿಗೆ ಹೊರಟೆ?” ಅಂದ. ಬ್ಯಾಂಕಿನವರ ಕೈ ದಾಳದ ಮೇಲಿತ್ತು. ಅಲ್ಲೇ ನಿಂತಿತು. “ನೀನು ಅಂತೀಯಾ? ಯಾರಿಗೆ ಏಕವಚನ ಹಾಕ್ತಿದೀಯ ಗೊತ್ತೇನಲೇ? ಈ ಬಾಗಿಲಿಗೆ ನಿನ್ನನ್ನ ಹಾಕಿದ್ದೇ ನಾನು!” ಅಂದರು. ಅವರೇ ಬೆಚ್ಚಿ ನಮ್ಮ ಮುಖ ನೋಡಿದರು. ಪಾತ್ರವಾಗಿ ಆಡುವುದು ಬೇಡ ಅಂದಿದ್ದವರು ಅವರು.

ಅದಾದ ಮೇಲೆ ನಾನು ಈ ವಿಷಯ ತುಂಬ ಯೋಚಿಸಿದ್ದೇನೆ. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ ಕೇಳಿದಾಗ ಯಾರಿಗೂ ಚುಚ್ಚಲಿಲ್ಲ, ಯಾಕೆಂದರೆ ಅಲ್ಲಿ ರಾಜನಿಗೂ ಆಳಿಗೂ ಒಂದೇ ‘ಯೂ’. ಕನ್ನಡದಲ್ಲಿ ಬಾಯಿ ತೆಗೆಯುವ ಮುಂಚೆಯೇ ನೀನು ಅನ್ನಬೇಕೋ ನೀವು ಅನ್ನಬೇಕೋ, ಅಣ್ಣಾ ಅನ್ನಬೇಕೋ ಯಜಮಾನ್ರೇ ಅನ್ನಬೇಕೋ ತೀರ್ಮಾನ ಆಗಬೇಕು. ಆ ತೀರ್ಮಾನ ಮಾಡಿದರೆ ಅರ್ಧ ಪಾತ್ರ ಬಂದಂತೆ, ಅದಕ್ಕೆ ನಟನೆಯೇ ಬೇಡ. ಅದೇ ಬಾಗಿಲಲ್ಲಿ ಇನ್ನೊಬ್ಬ ಹುಡುಗ, ಯಾವಾಗಲೂ ಗೆಳೆಯನ ನೆರಳಲ್ಲಿ ಕೂರುವವನು, “ಅಣ್ಣಾ, ಬಿಸಿಲಲ್ಲಿ ಎಷ್ಟೊತ್ತಿಂದ ನಿಂತಿದೀರಿ? ನೀರು ಕುಡೀತೀರಾ?” ಅಂದ. ಅಷ್ಟೇ. ಕಾವಲುಗಾರ ಕರಗಿದ. ದಾಳವೇ ಬೇಕಾಗಲಿಲ್ಲ.

ದಾಳದ ವಿಷಯದಲ್ಲಿ ಒಂದು ನಿಯಮ ಮಾಡಿಕೊಂಡೆವು. ಮೊದಲು ಮಾತು ಇಲ್ಲವೇ ವಿವರಣೆ, ಆಮೇಲೆ ದಾಳ. ಏನು ಕೇಳಿದರು, ಬದಲಿಗೆ ಏನು ಕೊಟ್ಟರು ಅನ್ನೋದರ ಮೇಲೆ ಗುರಿ 15ರಿಂದ 10ಕ್ಕೆ ಇಳಿಯಬಹುದು, 20ಕ್ಕೆ ಏರಬಹುದು. ಎಷ್ಟು ಚೆಂದ ಹೇಳಿದರು ಅನ್ನೋದರ ಮೇಲೆ ಒಂದು ಅಂಕಿಯೂ ಅಲ್ಲಾಡುವುದಿಲ್ಲ. ಇದು ತುಂಬ ಮುಖ್ಯ. ನಾಚಿಕೆಯ ಆಟಗಾರ ಕರಿಸ್ಮಾ, ಅಂದರೆ ಜನರನ್ನು ಸೆಳೆಯುವ ಶಕ್ತಿ, 18ರಷ್ಟು ಇರುವ ಪಾತ್ರ ಆಡುವುದು ತಪ್ಪಲ್ಲ. ತೋಳಲ್ಲಿ ಬಲ ಇಲ್ಲದ ಆಟಗಾರನಿಗೆ ಬಂಡೆ ಎತ್ತಿ ತೋರಿಸು ಅಂತ ನಾವು ಹೇಳುವುದಿಲ್ಲವಲ್ಲ. ಹಾಗಿದ್ದ ಮೇಲೆ ಮಾತಿನ ಮಲ್ಲನನ್ನು ಆಡುವವನಿಗೆ ಮಾತಾಡಿ ತೋರಿಸು ಅನ್ನೋದು ಯಾವ ನ್ಯಾಯ?

ಹುಣಸೆ ಬೀಜಗಳನ್ನು ಬಿಡಲಿಲ್ಲ, ಆದರೆ ಪುಸ್ತಕದಂತೆ ಒಬ್ಬರಿಗೆ ಒಂದೇ. ಕೊಡುವುದು ನಾನಲ್ಲ, ಆಟಗಾರರು ಒಬ್ಬರಿಗೊಬ್ಬರು. ಅದೂ ತನಗೆ ನಷ್ಟವಾದರೂ ಪಾತ್ರಕ್ಕೆ ತಕ್ಕದ್ದನ್ನು ಮಾಡಿದವರಿಗೆ. ನಾಟಕದ ಹುಡುಗನನ್ನು ಪಕ್ಕಕ್ಕೆ ಕರೆದು, “ನಿನಗೆ ಮಾತು ಬರುತ್ತೆ, ಬೇರೆಯವರ ಬಾಯಲ್ಲಿ ತರಿಸೋಕೆ ಬರುತ್ತಾ?” ಅಂತ ಕೇಳಿದೆ. ಅವನು ಅದನ್ನು ಹಿಡಿದುಕೊಂಡ ರೀತಿ ನೋಡಿ ನನಗೆ ಹೆಮ್ಮೆ ಆಯಿತು. ಪಾಲಯ್ಯ ಈಗ ಭಾಷಣ ಮಾಡುವುದಿಲ್ಲ. “ತಿಪ್ಪಕ್ಕಾ, ನೀನು ಹೇಳು, ಈ ಗೌಡನ್ನ ನಂಬೋಣ್ವಾ?” ಅಂತ ಕೇಳುತ್ತಾನೆ. ಮೇಜಿಗೆ ಇನ್ನೊಬ್ಬ ಸಾರಥಿ ಸಿಕ್ಕಿದ.

ಎಲ್ಲವೂ ಸಲೀಸಾಗಲಿಲ್ಲ. ಕನ್ನಡಕ್ಕೆ ಬಂದ ಮೇಲೆ ಒಂದು ಹೊಸ ತೊಡಕು ಬಂತು. ಒಂದು ದಿನ ಒಬ್ಬ ಹುಡುಗ ಕುರಿ ಕಾಯುವವನ ಮಾತನ್ನು ಎಳೆದು ಎಳೆದು, ನಗೆ ಬರುವ ಹಾಗೆ ಆಡಿದ. ಎರಡು ಜನ ನಕ್ಕರು. ಮೆಡಿಕಲ್ ಶಾಪಿನವರು ನಗಲಿಲ್ಲ. ಅದು ಅವರ ಅಜ್ಜನ ಊರಿನ ಮಾತು. ಮೇಡಂ ವಿಷಯ ಆದ ಮೇಲೆ ನಾವು ಎಕ್ಸ್ ಕಾರ್ಡ್ ಇಟ್ಟುಕೊಂಡಿದ್ದೆವು. ಜಾನ್ ಸ್ಟಾವ್ರೊಪೌಲೋಸ್ ಅನ್ನುವವರು ತಂದ ಪದ್ಧತಿ ಅದು. ಗುಣಾಕಾರದ ಗುರುತು ಹಾಕಿದ ಒಂದು ಚೀಟಿ ಮೇಜಿನ ಮೇಲಿರುತ್ತದೆ. ಯಾರಿಗೆ ಇರುಸುಮುರುಸು ಆದರೂ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ದೃಶ್ಯ ಬದಲಿಸಬೇಕು. ಅವರು ಮುಟ್ಟಿದರು. ನಾವು ಮುಂದೆ ಹೋದೆವು. ಆಟ ಮುಗಿದ ಮೇಲೆ ಹುಡುಗನೇ ಅವರ ಹತ್ತಿರ ಹೋಗಿ ಮಾತಾಡಿದ. ಹತ್ತಿರದ ಭಾಷೆಯಲ್ಲಿ ಆಡಿದರೆ ಖುಷಿಯೂ ಹತ್ತಿರ, ನೋವೂ ಹತ್ತಿರ. ಚೀಟಿ ಇಲ್ಲದೆ ಕನ್ನಡದಲ್ಲಿ ಆಡಿಸಬೇಡಿ ಅಂತಲೇ ನಾನು ಹೇಳುತ್ತೇನೆ. ಇನ್ನು ಬ್ಯಾಂಕಿನವರಿಗೆ ಪ್ರತಿ ಭಾನುವಾರ ಒಂದು ಒಳ್ಳೆಯ ಹೊಡೆದಾಟ ಬೇಕೇ ಬೇಕು. ಅದನ್ನು ತಪ್ಪಿಸುವುದಿಲ್ಲ.

ಆರನೇ ವಾರ ಕಥೆ ಪಾಳೆಯಗಾರನ ಚಾವಡಿಗೆ ಬಂತು. ಕಣಜದಲ್ಲಿ ಕಳ್ಳತನ ಮಾಡಿದ್ದು ಯಾರು ಅನ್ನೋ ವಿಚಾರಣೆ. ತಿಪ್ಪಕ್ಕ ಯಾರ ಕಣ್ಣಿಗೆ ಬೀಳಬಾರದು ಅಂತಿದ್ದಳೋ ಅವರೇ ಎದುರಿಗೆ ಕೂತಿದ್ದರು. ಮೇಡಂ ಮತ್ತೆ ಒಬ್ಬ ದೊರೆಯ ಮುಂದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. “ತಾವು ಯಾರು ತಾಯಿ? ಈ ಚಾವಡಿಗೆ ಬಂದ ಕಾರಣವೇನು?” ಅಂತ ನಿಧಾನವಾಗಿ ಕೇಳಿದೆ.

“ಅವಳು ಉತ್ತರ ಕೊಡಲ್ಲ” ಅಂದರು ಮೇಡಂ. “ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಅವರ ಕಾಲ ಹತ್ತಿರ ಇಡ್ತಾಳೆ. ಒಂದು ಕೈ ಮಾತ್ರ ಇಡಲ್ಲ. ಮುಷ್ಟಿಯಲ್ಲೇ ಇರುತ್ತೆ.”

ಯಾರೂ ಉಸಿರೆತ್ತಲಿಲ್ಲ. ಓಬಳನಾಯಕ ಎದ್ದು, “ತಿಪ್ಪಕ್ಕಾ, ಆ ಒಂದು ಕೈ ಯಾವುದವ್ವಾ?” ಅಂತ ಕೇಳಿದ. ಬ್ಯಾಂಕಿನವರು ತಮ್ಮ ಹುಣಸೆ ಬೀಜವನ್ನು ಮೇಡಂ ಕಡೆ ತಳ್ಳಿದ್ದರು. ಅಂದು ಆಟ ಮುಗಿದಾಗ ಕತ್ತಲಾಗಿತ್ತು. ತಟ್ಟೆಯಲ್ಲಿ ಮಂಡಕ್ಕಿ ಹಾಗೇ ಇತ್ತು, ಪೂರ್ತಿ ಮೆತ್ತಗಾಗಿತ್ತು.